ಕೊಂಬ್ರಿಗ್‌ನ ಅರ್ಧ ಕಲ್ಲು

"ಜನರಲ್ ಅಂತ ಕೆತ್ತಿದ್ರೆ, ಉಳಿ ಹಿಡಿದಿರೋ ಆ ಕೈ ಮುರಿದು ನಿನ್ನ ಇನ್ನೊಂದು ಕೈಗೆ ಕೊಡ್ತೀನಿ, ಝಖಾರ್!"

"ಕಿರುಚಬೇಡ ಅಪ್ಪಾ. ಝಖಾರ್ ಯೆವ್ಸೇಯಿಚ್, ನೀವು ಕೆತ್ರಿ. ಮೇಜರ್ ಜನರಲ್. ದಪ್ಪ ಅಕ್ಷರದಲ್ಲಿ."

"ಕೊಂಬ್ರಿಗ್!"

"ಆ ಹುದ್ದೆನೇ ಇಲ್ಲ ಅಪ್ಪಾ! ಅದು ಸತ್ತು ಮೂವತ್ತು ವರ್ಷದ ಮೇಲಾಯ್ತು!"

"ಗೋರಿ ಕಲ್ಲಿನ ಮೇಲೆ ಮತ್ತೆ ಯಾರದ್ದೇ ಬರೆಯೋದು? ಸತ್ತೋರದ್ದೇ ಅಲ್ವಾ?"

ಬೆಳಿಗ್ಗೆಯಿಂದ ಇದೇ ರಗಳೆ. ಅಪ್ಪ ಕಲ್ಲಿನ ಆ ಕಡೆ, ಮಗಳು ಈ ಕಡೆ. ನಡುವೆ ನಾನು, ಮೂಗಿನ ತುಂಬ ಗ್ರಾನೈಟ್ ಪುಡಿ. ಕಲ್ಲಿನ ಜತೆ ಬದುಕುವವನಿಗೆ ತಾಳ್ಮೆ ಹೆಚ್ಚು ಎಂದು ಜನ ಹೇಳುತ್ತಾರೆ. ಹಾಗೆ ಹೇಳುವವರು ಕಲ್ಲು ಕೆತ್ತಿದವರಲ್ಲ. ನನ್ನ ತಾಳ್ಮೆಯೆಲ್ಲ ಕಲ್ಲಿಗೇ ಖರ್ಚಾಗುತ್ತದೆ, ಮನುಷ್ಯರಿಗೆ ಅಂತ ಏನೂ ಉಳಿಯುವುದಿಲ್ಲ.

ಅಪ್ಪನ ಹೆಸರು ಪೊರ್ಫಿರಿ ಲೂಕಿಚ್. ಎಂಬತ್ತಕ್ಕೆ ಹತ್ತಿರ, ಆದರೂ ಬೆನ್ನು ಇನ್ನೂ ಬಂದೂಕಿನ ನಳಿಗೆಯ ಹಾಗೆ. ಮಗಳು ರಿಮ್ಮಾ, ಐವತ್ತರ ಆಸುಪಾಸು, ನಮ್ಮೂರ ಶಾಲೆಯಲ್ಲಿ ಭೂಗೋಳದ ಟೀಚರ್, ಮದುವೆಯಾಗಿಲ್ಲ. ಅಮ್ಮ ಗ್ಲಫೀರಾ ಹೋದ ವರ್ಷ ಹಿಮ ಕರಗುವ ಹೊತ್ತಿಗೆ ತೀರಿಕೊಂಡರು. ಮಣ್ಣು ಒಂದು ಚಳಿಗಾಲ ಕೂತು ಗಟ್ಟಿಯಾದ ಮೇಲೆ ಕಲ್ಲು ನಿಲ್ಲಿಸುವುದು ನಮ್ಮಲ್ಲಿ ಪದ್ಧತಿ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಲ್ಲು. ಸತ್ತವರದ್ದು ಪೂರ್ತಿ, ಬದುಕಿರುವವರದ್ದು ಹೆಸರು, ಹುಟ್ಟಿದ ವರ್ಷ, ಒಂದು ಗೀಟು. ಗೀಟಿನ ಆಚೆ ಖಾಲಿ. ಹೀಗೆ ತಮ್ಮ ಹೆಸರಿನ ಕಲ್ಲನ್ನು ತಾವೇ ಭಾನುವಾರ ಒರೆಸಿ ಬರುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ನನ್ನ ಹೆಸರೂ ಮೊದಲ ಹೆಂಡತಿಯ ಪಕ್ಕದಲ್ಲಿದೆ. ಎರಡನೆಯವಳು ಅದನ್ನು ನೋಡಿ ಬಂದ ದಿನವೆಲ್ಲ ಸೂಪಿಗೆ ಉಪ್ಪು ಜಾಸ್ತಿ ಬಿದ್ದಿರುತ್ತದೆ.

ಬರುವ ಮಂಗಳವಾರ ಸತ್ತವರ ಹಬ್ಬ. ಊರಿಗೆ ಊರೇ ಬಣ್ಣದ ಮೊಟ್ಟೆ ಹಿಡಿದು ಸಮಾಧಿಗೆ ಬರುತ್ತದೆ. ಅಷ್ಟರೊಳಗೆ ಕಲ್ಲು ನಿಲ್ಲಬೇಕು. ಎಡಗಡೆ ಗ್ಲಫೀರಾ ಮುಗಿದಿದ್ದರು. ಬಲಗಡೆ ಪೊರ್ಫಿರಿ ಲೂಕಿಚ್ ಎನ್ನುವ ಹೆಸರಿಗೇ ನನ್ನ ಉಳಿ ನಿಂತಿತ್ತು. ಹೆಸರಿನ ಮೇಲೆ ಯಾವ ಹುದ್ದೆ ಹಾಕುವುದು?

ಕೊಂಬ್ರಿಗ್ ಎಂದರೆ ಈಗಿನ ಹುಡುಗರು ಟ್ರ್ಯಾಕ್ಟರಿನ ಬಿಡಿಭಾಗ ಅಂದುಕೊಳ್ಳುತ್ತಾರೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಕ್ರಾಂತಿಯಲ್ಲಿ ನಮ್ಮವರು ಜನರಲ್‌ಗಳನ್ನು ಓಡಿಸಿದರು. ಆಮೇಲೆ ಜನರಲ್ ಎನ್ನುವುದು ಬೈಗುಳವಾಯಿತು. ನಮ್ಮ ಹಳ್ಳಿಯಲ್ಲಿ ನನ್ನ ಅಜ್ಜಿ ಒದೆಯುವ ಮೇಕೆಗೆ ಜನರಲ್ ಎಂದೇ ಹೆಸರಿಟ್ಟಿದ್ದಳು. ಆದರೆ ಸೈನ್ಯ ಅಂದ ಮೇಲೆ ಯಾರಾದರೂ ದೊಡ್ಡವರು ಬೇಕಲ್ಲ? ಅದಕ್ಕೆ ಮಾಡುವ ಕೆಲಸದ ಹೆಸರಲ್ಲೇ ಕರೆದರು. ಬ್ರಿಗೇಡ್ ನಡೆಸುವವನು ಕೊಂಬ್ರಿಗ್, ಡಿವಿಜನ್ ನಡೆಸುವವನು ಕೊಂದಿವ್. ಸಾವಿರದ ಒಂಬೈನೂರ ಮೂವತ್ತೈದರಲ್ಲಿ ಇವನ್ನೇ ಹುದ್ದೆಗಳೆಂದು ಗಟ್ಟಿ ಮಾಡಿದರು. ಕೊಂಬ್ರಿಗ್ ಎಂದರೆ ಕರ್ನಲ್‌ಗಿಂತ ಒಂದು ಮೆಟ್ಟಿಲು ಮೇಲೆ. ಕಾಲರಿನ ಮೇಲೆ ಕೆಂಪು ಮಿನುಗಿನ ಒಂದು ವಜ್ರಾಕೃತಿ. ಅದನ್ನು ಕಂಡರೆ ಗ್ಯಾರಿಸನ್‌ನ ನಾಯಿ ಕೂಡ ಬಾಲ ನೆಟ್ಟಗೆ ಮಾಡುತ್ತಿತ್ತಂತೆ.

ಐದು ವರ್ಷಕ್ಕೆ ಮೇಲಿನವರಿಗೆ ಮತ್ತೆ ಜನರಲ್‌ಗಳು ಬೇಕೆನಿಸಿತು. ನಲವತ್ತರ ಬೇಸಿಗೆಯಲ್ಲಿ ಪೇಪರಿನ ತುಂಬ ಜನರಲ್‌ಗಳ ಹೆಸರು ಬಂದವು, ಜತೆಗೆ ಪ್ಯಾಂಟಿನ ಪಕ್ಕೆಗೆ ಕೆಂಪು ಪಟ್ಟಿ, ಕಾಲರಿಗೆ ನಕ್ಷತ್ರ. ಅಜ್ಜಿ ಮೇಕೆಯ ಹೆಸರನ್ನು ಬದಲಿಸಬೇಕಾಯಿತು. ಕೊಂಬ್ರಿಗ್ ಎಂಬ ಮೆಟ್ಟಿಲನ್ನೇ ಕಿತ್ತು ಬಿಸಾಕಿದರು. ಅದರ ಮೇಲೆ ನಿಂತಿದ್ದವರಲ್ಲಿ ಕೆಲವರು ಮೇಲಕ್ಕೆ ಹಾರಿ ಮೇಜರ್ ಜನರಲ್ ಆದರು, ಉಳಿದವರು ಕೆಳಕ್ಕೆ ಬಿದ್ದು ಕರ್ನಲ್ ಆದರು. ಪೊರ್ಫಿರಿ ಲೂಕಿಚ್ ಬಿದ್ದರು. ಬಿದ್ದಲ್ಲೇ ಇಡೀ ಯುದ್ಧ ಮುಗಿಸಿದರು, ಬಿದ್ದಲ್ಲೇ ನಿವೃತ್ತರಾದರು.

ಯಾಕೆ ಬಿದ್ದರು? ಯಾರೋ ಮೇಲಕ್ಕೆ ಚಾಡಿ ಬರೆದರು ಎಂದು ಊರಲ್ಲಿ ಮಾತು. ಆ ಕಾಲದಲ್ಲಿ ಚಾಡಿಗೆ ಜನ ಮನೆಯಿಂದಲೇ ಕಾಣೆಯಾಗುತ್ತಿದ್ದರು, ಹುದ್ದೆ ಹೋಗುವುದೇನು ದೊಡ್ಡದಲ್ಲ. ಬರೆದವನು ಯಾರು ಎಂಬುದರಲ್ಲಿ ರಿಮ್ಮಾಗೆ ಅನುಮಾನವೇ ಇರಲಿಲ್ಲ. ಅವ್ದೇಯ್ ಕೊಂದ್ರಾತಿಚ್. ಅವನೂ ನಮ್ಮೂರವನೇ, ಅವಳ ಅಪ್ಪನ ಕೈಕೆಳಗೆ ಕರ್ನಲ್ ಆಗಿದ್ದವನು. ಅಪ್ಪ ಬಿದ್ದ ವರ್ಷವೇ ಅವನು ಜನರಲ್ ಆದ. ಇನ್ನೇನು ಸಾಕ್ಷಿ ಬೇಕು?

ಇದು ಬರೀ ಹುದ್ದೆಯ ವಿಷಯವಾಗಿದ್ದರೆ ನಾನೂ ನಕ್ಕು ಬಿಡುತ್ತಿದ್ದೆ. ಯುದ್ಧ ಮುಗಿದ ಮೇಲೆ ಅವ್ದೇಯ್‌ನ ಮಗ ಲೆವ್ ಒಂದು ಕೈ ಸೆಟೆದುಕೊಂಡು ಊರಿಗೆ ಬಂದ. ಅವನೂ ರಿಮ್ಮಾನೂ ದೋಣಿಕಟ್ಟೆಯ ಮೇಲೆ ಕೂತು ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಿದ್ದುದನ್ನು ಬೀದಿಯವರೆಲ್ಲ ನೋಡಿದ್ದಾರೆ. ಅವನ ಸೆಟೆದ ಕೈಗೆ ಬೀಜ ಬಿಡಿಸಲು ಬರುತ್ತಿರಲಿಲ್ಲ, ಇವಳೇ ಬಿಡಿಸಿ ಕೊಡುತ್ತಿದ್ದಳು. ಅವನು ಮದುವೆಗೆ ಕೇಳಿದ. "ನಮ್ಮಪ್ಪನ ನಕ್ಷತ್ರ ಕದ್ದವನ ಮನೆಗೆ ಸೊಸೆಯಾಗಿ ಬರಲ್ಲ" ಎಂದು ತನ್ನ ಗೆಳತಿಗೆ ಹೇಳಿದಳು. ಲೆವ್‌ಗೆ ಬರೀ "ಬರಲ್ಲ" ಎಂದಳು. ಅವನು ದೇಶದ ಪೂರ್ವದ ತುದಿಗೆ, ಖಬಾರೋವ್ಸ್ಕ್‌ಗೆ ಹೊರಟುಹೋದ. ಅಲ್ಲಿಂದಾಚೆ ರೈಲಿಗೆ ಹೋಗಲು ಹೆಚ್ಚು ಜಾಗವೂ ಇಲ್ಲ. ಇವಳು ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ನಕ್ಷೆಯ ಮೇಲೆ ಕೋಲಿಟ್ಟು ಆ ಊರು ತೋರಿಸುತ್ತಾ ಬಂದಿದ್ದಾಳೆ.

ಈ ಕಾರಣ ಗೊತ್ತಿಲ್ಲದಿದ್ದವನು ಇಡೀ ಊರಿಗೆ ಒಬ್ಬನೇ, ಜನರಲ್ ಅವ್ದೇಯ್. ಅವನ ಮುಖಕ್ಕೆ ಹೇಳುವ ಧೈರ್ಯ ಯಾರಿಗಿತ್ತು?

"ಝಖಾರ್ ಯೆವ್ಸೇಯಿಚ್" ಎಂದು ರಿಮ್ಮಾ ನನ್ನ ಕಡೆ ತಿರುಗಿದಳು. ಧ್ವನಿ ತಗ್ಗಿತ್ತು. "ನಾನು ಅಪ್ಪನಿಗೋಸ್ಕರ ಏನು ಬಿಟ್ಟೆ ಅಂತ ನಿಮಗೂ ಗೊತ್ತು. ಬದುಕಿದ್ದಾಗ ಸಿಗದೇ ಇದ್ದದ್ದು ಕಲ್ಲಿನ ಮೇಲಾದ್ರೂ ಇರಲಿ. ಇಲ್ಲಾಂದ್ರೆ ನಾನು ಬಿಟ್ಟಿದ್ದಕ್ಕೆ ಏನರ್ಥ?"

ಬಲೆಚೀಲದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದಳು. ಒಳಗೆ ಹೊನ್ನಿನ ಬಣ್ಣದ ಪುಟ್ಟ ನಕ್ಷತ್ರ, ಮೇಜರ್ ಜನರಲ್‌ಗಳು ಆಗ ಕಾಲರಿಗೆ ಹಾಕುತ್ತಿದ್ದದ್ದು.

"ಅಮ್ಮನ ಗುಂಡಿ ಡಬ್ಬೀಲಿ ಸಿಕ್ತು. ಎಲ್ಲಾ ತಯಾರಾಗಿತ್ತು, ನೋಡಿ. ನಕ್ಷತ್ರ ಕೂಡ ಮನೆಗೆ ಬಂದಿತ್ತು. ಕೈಗೆ ಬಂದಿದ್ದನ್ನ ಕಿತ್ಕೊಂಡ್ರು. ಅಮ್ಮ ಪಾಪ, ಹತ್ತಿಯಲ್ಲಿ ಸುತ್ತಿ ಇಷ್ಟು ವರ್ಷ ಇಟ್ಕೊಂಡಿದ್ಲು. ಇದನ್ನ ಕಲ್ಲಿಗೆ ಕೂರಿಸಬೇಕು." ಹಾಗೆಂದು ನಕ್ಷತ್ರವನ್ನು ತುಟಿಗೆ ಒತ್ತಿಕೊಂಡು ಕಲ್ಲಿನ ಮೇಲಿಟ್ಟಳು.

ಮುದುಕರ ಮುಖ ನೋಡಬೇಕಿತ್ತು. ಬಂದೂಕಿನ ನಳಿಗೆ ಬಗ್ಗಿತು.

"ಅದನ್ನ ಒಳಗಿಡು" ಎಂದರು.

"ಯಾಕೆ?"

"ಒಳಗಿಡು ಅಂದ್ನಲ್ಲ. ಮುತ್ತುಗಿತ್ತು ಕೊಡಬೇಡ ಅದಕ್ಕೆ."

"ಕೊಡ್ತೀನಿ!" ಎಂದು ಮತ್ತೊಮ್ಮೆ ಎತ್ತಿ ಮುತ್ತಿಟ್ಟಳು. ಮುದುಕರು ಕಣ್ಣು ಮುಚ್ಚಿಕೊಂಡರು.

ಮತ್ತೆ ಶುರುವಾಯಿತು. ಜನರಲ್. ಕೊಂಬ್ರಿಗ್. ಜನರಲ್. ಕೊಂಬ್ರಿಗ್. ನಾನು ಸುತ್ತಿಗೆ ಎಸೆದೆ. ಅದು ಬಾಗಿಲಿಗೆ ಬಡಿದು ಬಿತ್ತು.

"ಸಾಕು ನಿಲ್ಸಿ! ಬೆಳಿಗ್ಗೆಯಿಂದ ನನ್ನ ತಲೆ ತಿಂತಿದ್ದೀರಿ! ಹುದ್ದೆ ಕೆತ್ತಬೇಕಾದ್ರೆ ಮಾಜಿ ಸೈನಿಕರ ಸಂಘದ ಅಧ್ಯಕ್ಷರು ಹೂಂ ಅನ್ಬೇಕು, ಅದು ಸ್ಮಶಾನದ ನಿಯಮ. ಈಗಲೇ ಫೋನ್ ಮಾಡ್ತೀನಿ. ಅವರು ಏನಂತಾರೋ ಅದನ್ನೇ ಕೆತ್ತೋದು. ನೀವಿಬ್ರೂ ಬಾಯಿ ಮುಚ್ಕೋಬೇಕು!"

ಮಾಜಿ ಸೈನಿಕರ ಸಂಘದ ಅಧ್ಯಕ್ಷರು ಅವ್ದೇಯ್ ಕೊಂದ್ರಾತಿಚ್ಚೇ. ಸಿಟ್ಟು ಬಂದಾಗ ಇಂಥವೆಲ್ಲ ನನಗೆ ನೆನಪಾಗುವುದಿಲ್ಲ. ನೆನಪಾದರೂ ನಿಲ್ಲುವ ಜಾತಿ ನನ್ನದಲ್ಲ.

"ಅವನು ಬರ್ಲಿ" ಎಂದಳು ರಿಮ್ಮಾ, ಗಲ್ಲ ಎತ್ತಿ. "ಬರ್ಲಿ. ಇಪ್ಪತ್ತೈದು ವರ್ಷ ನಾನು ಕೇಳ್ದೇ ಇದ್ದಿದ್ದನ್ನ ಇವತ್ತು ಕೇಳ್ತೀನಿ."

ಮುದುಕರು ನನ್ನ ತೋಳು ಹಿಡಿದರು. ಹಿಡಿತ ಸಡಿಲವಾಗಿತ್ತು. "ಝಖಾರ್, ಬೇಡಪ್ಪ. ಕರ್ನಲ್ ಅಂತ್ಲೇ ಕೆತ್ತು. ಕರ್ನಲ್ ಸಾಕು ನಂಗೆ. ಫೋನ್ ಮಾಡಬೇಡ."

ಅಷ್ಟು ಹೊತ್ತು ನನ್ನ ಕೈ ಮುರಿಯುತ್ತೇನೆಂದವರು ಈಗ ಕರ್ನಲ್ ಸಾಕು ಎನ್ನುತ್ತಿದ್ದಾರೆ! ಇದನ್ನು ಕೇಳಿ ನನ್ನ ಸಿಟ್ಟು ಇನ್ನಷ್ಟು ಏರಿತು. ಹೋಗಿ ಸ್ಮಶಾನದ ಆಫೀಸಿನಿಂದ ಫೋನ್ ಮಾಡಿದೆ.

ಅವ್ದೇಯ್ ಕೊಂದ್ರಾತಿಚ್ ಊರುಗೋಲು ಕುಟ್ಟುತ್ತಾ ಬಂದರು. ಎಡಗಿವಿ ಕೇಳದು, ಹೊಟ್ಟೆ ಮುಂದೆ, ಮನುಷ್ಯ ಹಿಂದೆ. ಬಂದವರೇ ಬೆಂಚಿನ ಮೇಲಿದ್ದ ರಿಮ್ಮಾಳ ಬಲೆಚೀಲದಲ್ಲಿ ಮೂಗು ತೂರಿಸಿದರು. ಹಬ್ಬಕ್ಕೆಂದು ಮಾಡಿದ ಎಲೆಕೋಸು ತುಂಬಿದ ಹಿಟ್ಟಿನ ಪಿರೋಗ್‌ಗಳಿದ್ದವು. ಒಂದನ್ನು ಕೇಳದೆಯೇ ತೆಗೆದುಕೊಂಡರು. ಜನರಲ್‌ಗಳು ಕೇಳುವುದಿಲ್ಲ.

"ಏನಯ್ಯಾ ಪೊರ್ಫಿರಿ, ಸಾಯೋಕೆ ಮುಂಚೆ ಬಡ್ತಿ ಬೇಕಂತೆ?"

"ನಾನು ಕೇಳಿಲ್ಲ. ನೀನು ಮನೆಗೆ ಹೋಗು" ಎಂದರು ಮುದುಕರು.

"ಬಡ್ತಿ ಅಲ್ಲ" ಎಂದಳು ರಿಮ್ಮಾ. ಅವಳ ತುಟಿ ಬೆಳ್ಳಗಾಗಿತ್ತು. "ನೀವು ಕದ್ದಿದ್ದನ್ನ ವಾಪಸ್ ಕೇಳ್ತಿದ್ದೀವಿ."

"ಆಂ? ಈ ಕಡೆ ಕಿವಿಗೆ ಹೇಳಮ್ಮ."

"ನೀವು ಕದ್ದಿದ್ದು! ನಲವತ್ತನೇ ಇಸ್ವೀಲಿ! ನಮ್ಮಪ್ಪನ ಮೇಲೆ ಚಾಡಿ ಬರೆದು, ಇದನ್ನ!" ಅವಳು ನಕ್ಷತ್ರವನ್ನು ಎತ್ತಿ ಅವರ ಮುಖದ ಮುಂದೆ ಹಿಡಿದಳು.

ಜನರಲ್ ಕನ್ನಡಕ ಹಾಕಿಕೊಂಡು ನಕ್ಷತ್ರ ನೋಡಿದರು. ಪೊರ್ಫಿರಿ ಲೂಕಿಚ್‌ರನ್ನು ನೋಡಿದರು. ಮತ್ತೆ ನಕ್ಷತ್ರ ನೋಡಿದರು. ಹೊಟ್ಟೆ ಕುಣಿಯತೊಡಗಿತು.

"ಕದ್ದಿದ್ದಾ? ಅಯ್ಯೋ ನಮ್ಮವ್ವಾ! ನಾನು ಯಾಕಮ್ಮ ಕದೀಲಿ? ಅದನ್ನ ನಿಮ್ಮಪ್ಪ ನುಂಗಿದ್ದು!"

"ಅವ್ದೇಯ್, ಬಾಯಿ ಮುಚ್ಚು" ಎಂದರು ಮುದುಕರು. ಕೇಳದ ಕಿವಿಯ ಕಡೆಯಿಂದ ಹೇಳಿದ್ದರಿಂದ ಪ್ರಯೋಜನವಾಗಲಿಲ್ಲ.

"ಪೊರ್ಫಿರಿ, ಇದು ಅದೇ ಅಲ್ವೇನೋ? ಗ್ಲಫೀರಾ ಇಟ್ಕೊಂಡಿದ್ಲಾ? ದೇವರೇ, ಎಂಥಾ ಹೆಂಗಸಯ್ಯಾ ಅದು!" ಅವರು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಕೇಳು ಝಖಾರ್. ಬೆಲರೂಸ್‌ನಲ್ಲಿ ನಮ್ಮ ಗ್ಯಾರಿಸನ್. ಮೊದಲ ಪಟ್ಟಿ ಬಂತು, ಇವನ ಹೆಸರಿಲ್ಲ. ಎರಡನೇ ಪಟ್ಟೀಲಿ ಖಂಡಿತ ಇದೆ ಅಂತ ಯಾರೋ ಮೇಲಿನವರು ಇವನ ಕಿವಿ ಊದಿದ್ರು. ಇವನಿಗೆ ತಡೀಲಿಲ್ಲ. ದರ್ಜಿ ಹತ್ರ ಪ್ಯಾಂಟಿಗೆ ಕೆಂಪು ಪಟ್ಟಿ ಹೊಲಿಸ್ದ. ಎರಡು ನಕ್ಷತ್ರ ತರಿಸ್ದ. ನಮ್ಮನ್ನೆಲ್ಲ ಊಟಕ್ಕೆ ಕರೆದ."

ಸೈನ್ಯದಲ್ಲಿದ್ದವರಿಗೆ ಈ ಪದ್ಧತಿ ಗೊತ್ತು, ಸಾರ್ಜೆಂಟ್ ಆಗಿದ್ದ ನನಗೂ ಗೊತ್ತು. ಹೊಸ ನಕ್ಷತ್ರ ಬಂದರೆ ಅದನ್ನು ತೊಳೆಯಬೇಕು. ದೊಡ್ಡ ಲೋಟದ ತಳಕ್ಕೆ ನಕ್ಷತ್ರ ಹಾಕಿ, ಅಂಚಿನವರೆಗೆ ವೋಡ್ಕಾ ಸುರಿದು, ಒಂದೇ ಉಸಿರಿಗೆ ಕುಡಿದು, ಕೊನೆಗೆ ನಕ್ಷತ್ರವನ್ನು ಹಲ್ಲಿನಲ್ಲಿ ಹಿಡಿದು ತೋರಿಸಬೇಕು. ಆದರೆ ಆಜ್ಞೆ ಓದುವ ಮೊದಲು ತೊಳೆಯಬಾರದು. ನಿನ್ನೆ ಮೊನ್ನೆ ಸೇರಿದ ಲೆಫ್ಟಿನೆಂಟಿಗೂ ಅಷ್ಟು ಭಯ ಇರುತ್ತದೆ.

"ಬೇಡ್ವೋ, ಕಾಗದ ಬರ್ಲಿ ಅಂದೆ" ಎಂದರು ಜನರಲ್. "'ಕರ್ನಲ್, ನನಗೆ ಬುದ್ಧಿ ಹೇಳ್ತೀರಾ?' ಅಂತ ಗದರಿಸ್ದ. ಲೋಟ ಎತ್ತಿದ. ಗಟಗಟಗಟ. ಹಲ್ಲು ಕಿರಿದ. ಹಲ್ಲಲ್ಲಿ ಒಂದು ನಕ್ಷತ್ರ ಇದೆ. ಇನ್ನೊಂದೆಲ್ಲಿ? ಮೇಜಿನ ಕೆಳಗೆ ಹುಡುಕಿದ್ವಿ, ಅಂಗಿ ಒಳಗೆ ಹುಡುಕಿದ್ವಿ. ಮಾರನೇ ದಿನ ಪರೇಡು. ಮೇಲಿನಿಂದ ದೊಡ್ಡವರು ಬಂದಿದಾರೆ. ಕೊಂಬ್ರಿಗ್ ಎಲ್ಲಿ ಅಂತ ಕೇಳಿದ್ರು. ಡಾಕ್ಟರು ಪಾಪ ಸುಳ್ಳು ಹೇಳೋಕೆ ಬಾರದ ಮನುಷ್ಯ. 'ಆಸ್ಪತ್ರೆಯಲ್ಲಿದ್ದಾರೆ ಕಾಮ್ರೇಡ್ ಕಮಾಂಡರ್. ಹೊಟ್ಟೆಯಲ್ಲಿ ಜನರಲ್ ನಕ್ಷತ್ರ ಇದೆ' ಅಂದ್ಬಿಟ್ಟ. 'ಯಾರ ನಕ್ಷತ್ರ?' ಅಂದ್ರು ದೊಡ್ಡವರು. 'ಇನ್ನೂ ಯಾರದ್ದೂ ಅಲ್ಲ' ಅಂದ!"

ನನಗೆ ತಡೆಯಲಾಗಲಿಲ್ಲ. ಕಲ್ಲಿನ ಮೇಲೆ ತಲೆಯಿಟ್ಟು ನಕ್ಕೆ.

"ಮಾಸ್ಕೋತನಕ ನಗು ಹೋಯ್ತು. ನಾನು ಇವನ ಪರ ಮಾತಾಡ್ದೆ ಕಣಮ್ಮ, ಇವನನ್ನೇ ಕೇಳು. ಹೊಟ್ಟೇಲಿ ಏನೇ ಇರ್ಲಿ, ಕಮಾಂಡರ್ ಒಳ್ಳೆಯವನು ಅಂದೆ. ಯಾರು ಕೇಳ್ತಾರೆ? ಕೊನೆಗೆ ನಕ್ಷತ್ರ ಹೊರಗೆ ಬಂತು. ಹುದ್ದೆ ಬರ್ಲಿಲ್ಲ!"

ಜನರಲ್ ನಗುತ್ತಲೇ ಇದ್ದರು. ನಾನು ತಲೆ ಎತ್ತಿದಾಗ ರಿಮ್ಮಾ ಅಂಗೈಯಲ್ಲಿದ್ದ ನಕ್ಷತ್ರವನ್ನೇ ನೋಡುತ್ತಿದ್ದಳು. ಇನ್ನೊಂದು ಕೈಯ ಹಿಂಬದಿಯಿಂದ ನಿಧಾನವಾಗಿ ತುಟಿ ಒರೆಸಿಕೊಂಡಳು. ನಾನು ನಗು ನಿಲ್ಲಿಸಿದೆ.

"ಅಪ್ಪಾ, ಹೌದಾ?"

ಮುದುಕರು ಕಲ್ಲಿನ ಮೇಲಿನ ಪುಡಿಯನ್ನು ಬೆರಳಿನಿಂದ ಗುಡಿಸಿದರು.

"ನಾನು ಆಗ ಮಾಸ್ಕೋದಲ್ಲಿ ಓದ್ತಿದ್ದೆ. ರಜಕ್ಕೆ ಬಂದಾಗ ಯಾಕಪ್ಪಾ ಹೀಗಾಯ್ತು ಅಂತ ಕೇಳ್ದೆ. ಯಾರೋ ಮೇಲಕ್ಕೆ ಬರೆದ್ರು ಅಂದೆ ನೀನು."

"ಡಾಕ್ಟರು ಬರೆದ್ರಲ್ಲ. ವರದಿ. ಅದು ಸುಳ್ಳಲ್ಲ."

"ಅವ್ದೇಯ್ ಮಾವಾನಾ ಅಂತ ಕೇಳ್ದೆ."

"ನಾನು ಹೌದು ಅನ್ನಲಿಲ್ಲ ಮಗಾ."

"ಅಲ್ಲ ಅಂತಲೂ ಅನ್ನಲಿಲ್ಲ."

"ಏನಂತ ಹೇಳಲಿ?" ಮುದುಕರು ಒಮ್ಮೆಲೇ ಕೂಗಿದರು. ಅದು ಸಿಟ್ಟಿನ ಕೂಗಾಗಿರಲಿಲ್ಲ. "ಹದಿನೆಂಟು ವರ್ಷದ ಹುಡುಗಿ ನೀನು. ನನ್ನನ್ನ ದೇವರ ಪಟ ನೋಡೋ ಹಾಗೆ ನೋಡ್ತಿದ್ದೆ. ನಿಮ್ಮಪ್ಪ ಕುಡಿದು ನಕ್ಷತ್ರ ನುಂಗಿದ, ನಿಮ್ಮಮ್ಮ ಆಲೂಗಡ್ಡೆ ಗಂಜಿ ತಿನ್ನಿಸಿ, ಹರಳೆಣ್ಣೆ ಕುಡಿಸಿ ಹೊರಗೆ ತೆಗೆಸಿದ್ಲು ಅಂತ ಹೇಳಲಾ? ಅನ್ಯಾಯ ಆಯ್ತು ಅಂದ್ರೆ ಮರ್ಯಾದೆ ಇತ್ತು. ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಯುದ್ಧ ಬಂತು."

"ಯುದ್ಧ ಮುಗೀತು ಅಪ್ಪಾ. ಲೆವ್ ನಮ್ಮನೆಗೆ ಬಂದು ಕೂತಿದ್ದ. ಮುಂದಿನ ಕೋಣೇಲಿ. ನಾನು ನಿನ್ನ ಹತ್ರ ಬಂದು, ಏನು ಹೇಳಲಿ ಅಂತ ಕೇಳ್ದೆ. ನೀನು ಬೂಟಿಗೆ ಪಾಲಿಶ್ ಹಾಕ್ತಿದ್ದೆ."

"ನಿನ್ನಿಷ್ಟ ಅಂದೆ."

"ಹೂಂ. ನನ್ನಿಷ್ಟ ಅಂದೆ ನೀನು. ಬೂಟಿನಿಂದ ಕಣ್ಣೆತ್ತದೇನೇ."

ಅದಕ್ಕೇ ಮುದುಕರು ಜನರಲ್ ಎನ್ನುವ ಪದಕ್ಕೆ ಅಷ್ಟು ಹೆದರಿದ್ದರೆಂದು ನನಗೆ ಆಗ ಹೊಳೆಯಿತು. ಬದುಕಿನಲ್ಲಿ ಹೇಳಿದ ಸುಳ್ಳೊಂದಿತ್ತು, ಅದನ್ನು ಹೆಂಡತಿಯ ತಲೆಯ ಪಕ್ಕ ಗ್ರಾನೈಟಿನಲ್ಲಿ ಕೆತ್ತಿಸುವಷ್ಟು ಮುಖವಿರಲಿಲ್ಲ. ಕರ್ನಲ್ ಎನ್ನಲು ಜಂಬ ಬಿಡುತ್ತಿರಲಿಲ್ಲ. ಉಳಿದದ್ದು ಕೊಂಬ್ರಿಗ್, ಲೋಟ ಎತ್ತುವ ಮೊದಲಿನ ಮನುಷ್ಯ.

ಜನರಲ್‌ಗೆ ಈ ಮಾತೆಲ್ಲ ಬಲಗಿವಿಯಿಂದ ಹೊಕ್ಕು ತಲೆ ತಲುಪಲು ಹೊತ್ತು ಹಿಡಿಯಿತು. ಪಿರೋಗ್ ಕೈಯಲ್ಲೇ ನಿಂತಿತು.

"ಅಂದ್ರೆ ನನ್ನ ಲೆವ್‌ನ ನೀನು ಬೇಡ ಅಂದಿದ್ದು... ನಾವು ಅವನ ಕೈ ಹಾಗಿದೆ ಅಂತ ಬೇಡ ಅಂದ್ಲು ಅಂದ್ಕೊಂಡ್ವಿ. ಅವನೂ ಹಾಗೇ ಅಂದ್ಕೊಂಡ. ಕೈ ಅಂತ."

ರಿಮ್ಮಾ ಅವರ ಕಡೆ ತಿರುಗಿದಳು. ತರಗತಿಯಲ್ಲಿ ಮಕ್ಕಳನ್ನು ಪ್ರಶ್ನೆ ಕೇಳುವಾಗಿನ ಧ್ವನಿ.

"ಅವನಿಗೆ ಮಕ್ಕಳೆಷ್ಟು?"

"ಮೂರು. ಹೆಂಡ್ತಿ ಹಲ್ಲಿನ ಡಾಕ್ಟರು. ಒಳ್ಳೆಯವಳೇ. ಸ್ವಲ್ಪ ಬಾಯಿ ಜೋರು."

"ಒಳ್ಳೇದು."

ನಕ್ಷತ್ರವನ್ನು ಕಲ್ಲಿನ ಬಲಗಡೆಯ ಅರ್ಧದ ಮೇಲೆ, ಹುದ್ದೆ ಬರಬೇಕಿದ್ದ ಜಾಗದಲ್ಲಿ ಇಟ್ಟಳು. ತಲೆವಸ್ತ್ರವನ್ನು ಗಲ್ಲದ ಕೆಳಗೆ ಬಿಗಿಯಾಗಿ ಗಂಟು ಹಾಕಿಕೊಂಡಳು. ಬಾಗಿಲ ಹತ್ತಿರ ಬಿದ್ದಿದ್ದ ನನ್ನ ಸುತ್ತಿಗೆಯನ್ನು ದಾಟಿ ಹೋದಳು.

"ರಿಮ್ಮಾ! ಚೀಲ ಬಿಟ್ಟೆ!" ಎಂದು ಮುದುಕರು ಕೂಗಿದರು. "ಪಿರೋಗ್!"

ಅವಳು ತಿರುಗಲಿಲ್ಲ. ಗೇಟಿನ ಸದ್ದು ಕೇಳಿಸಿತು.

ಮೂವರೂ ಕೂತೆವು. ಚಹಾದ ನೀರಿನ ಸಮೋವರ್ ಕುದ್ದು ಆರಿತು. ಜನರಲ್ ಅರ್ಧ ತಿಂದ ಪಿರೋಗನ್ನು ಚೀಲಕ್ಕೆ ವಾಪಸ್ ಹಾಕಿದರು. ಜೀವಮಾನದಲ್ಲಿ ಅವರು ವಾಪಸ್ ಕೊಟ್ಟದ್ದು ಅದೊಂದೇ ಇರಬೇಕು.

"ಚೀಲಕ್ಕಾದ್ರೂ ಬರ್ತಾಳೆ" ಎಂದರು.

"ಹೂಂ" ಎಂದೆ. "ಹೆಂಗಸರು ಬಲೆಚೀಲ ಬಿಟ್ಟು ಹೋಗಲ್ಲ."

ಪೊರ್ಫಿರಿ ಲೂಕಿಚ್ ಬಾಗಿಲನ್ನೇ ನೋಡುತ್ತಿದ್ದರು. ನೆರಳು ಗೋಡೆಯಿಂದ ಕಲ್ಲಿಗೆ ಬಂತು, ಕಲ್ಲಿನಿಂದ ನೆಲಕ್ಕಿಳಿಯಿತು.

"ಝಖಾರ್."

"ಏನು?"

"ಜನರಲ್ ಅಂತ ಕೆತ್ತು."

"ಏನಂದ್ರಿ?"

"ಮೇಜರ್ ಜನರಲ್ ಅಂತ್ಲೇ ಕೆತ್ತು. ದಪ್ಪ ಅಕ್ಷರದಲ್ಲಿ. ಅದನ್ನ ನೋಡಿದ್ರೆ ಅವಳಿಗೆ ಉರಿದು ಹೋಗುತ್ತೆ. ಬಂದು ನನ್ನ ಬೈತಾಳೆ."

ನಾನು ಜನರಲ್ ಕಡೆ ನೋಡಿದೆ. ಮಾಜಿ ಸೈನಿಕರ ಸಂಘದ ಅಧ್ಯಕ್ಷರು ಹೂಂ ಎಂದು ತಲೆಯಾಡಿಸಿದರು. ಎದ್ದು ಹೋಗಿ ಸುತ್ತಿಗೆ ತಂದೆ. ನಕ್ಷತ್ರವನ್ನು ಪಕ್ಕಕ್ಕೆ ಸರಿಸಿ ಮೊದಲ ಅಕ್ಷರಕ್ಕೆ ಉಳಿ ಇಟ್ಟೆ. ಗ್ರಾನೈಟಿನ ಸದ್ದು ಗೇಟು ದಾಟಿ ಬಸ್ ನಿಲ್ದಾಣದವರೆಗೂ ಕೇಳುತ್ತದೆ. ಬೇಕೆಂದೇ ಜೋರಾಗಿ ಹೊಡೆದೆ. ಮುದುಕರಿಬ್ಬರೂ ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು.

ಮಂಗಳವಾರ ಊರಿಗೆ ಊರೇ ಬಂತು. ಅವಳು ಬರಲಿಲ್ಲ.